ಎಳ್ಳಾಮಾಸಿ ದಿನದ ಹನ್ನೊಂದನೇ ಮಷೀನು

ಎಳ್ಳಾಮಾಸಿ ದಿನ ಉಮರ್ಗಾದಾಗ ಒಂದು ಕಪ್ ಚಹಾ ಕುಡಿಬೇಕಂದ್ರ ನಸೀಬ ಗಟ್ಟಿ ಇರಬೇಕು ನೋಡ್ರಿ. ಚಹಾದಂವ ಹೊಲಕ್ಕ ಹೋಗಿರ್ತಾನ. ಕಟಿಂಗ್ ಅಂಗಡಿಯಂವ ಹೋಗಿರ್ತಾನ. ಡಾಕ್ಟರು ಸೈತ ದವಾಖಾನಿಗೆ ಕೀಲಿ ಜಡಿದು, ಹೆಂಡ್ತಿ ಮಕ್ಕಳನ್ನ ಕಾರಿನಾಗ ತುಂಬ್ಕೊಂಡು ಯಾರದೋ ಹೊಲದಾಗ ಕಾಳು ಕಾಯಿಪಲ್ಯ ಕೂಡಿಸಿ ಕುದಿಸಿದ ಭಜ್ಜಿ ಉಣ್ಣಲಾಕ ಕುಂತಿರ್ತಾರ. ಸ್ವಂತ ಹೊಲ ಇಲ್ಲದವರನ್ನ ಇದ್ದವರು ಕೈ ಹಿಡಿದು ಎಳಕೊಂಡು ಹೋಗ್ತಾರ. ಬಜಾರದಾಗ ನಾಯಿಗೋಳು ನಡುರಸ್ತೆದಾಗ ಕಾಲು ಚಾಚಿ ಮಲಗಿರ್ತಾವ, ಹಾರ್ನ್ ಹೊಡಿಯೋರು ಯಾರೂ ಇರಂಗಿಲ್ಲ.

ಊರು ಖಾಲಿ ಆಗೋದು ಎಲ್ಲರಿಗೂ ಗೊತ್ತಿದ್ದ ಮಾತು. ಅದನ್ನ ಕೆಲಸಕ್ಕ ಹಚ್ಚಿದಾಕಿ ತ್ರಿವೇಣಿ ಒಬ್ಬಾಕಿನೇ. ಮನ್ಮಥಪ್ಪನವರ ಡೇರಿದಾಗ ಕಂಪ್ಯೂಟರ್ ಖೋಲಿ ನೋಡ್ಕೊಳ್ಳೋದು ಆಕಿ ಕೆಲಸ. ದಾಳಿಂಬ, ಮುರುಮ, ಗುಂಜೋಟಿ, ಅತ್ತ ನಿಲಂಗಾ, ಉದಗೀರತನ ಹಳ್ಳಿ ಹಳ್ಳಿದಾಗ ಮುಂಜಾನಿ ಸಂಜಿ ಎರಡೂ ಹೊತ್ತು ಡೇರಿಗೆ ಹಾಲು ಬೀಳ್ತದ. ಯಾರು ಎಷ್ಟು ಹಾಕಿದರು, ಹಾಲಿನಾಗ ಕೊಬ್ಬು ಎಷ್ಟದ, ಎಲ್ಲಾ ಆ ಖೋಲ್ಯಾಗಿನ ಒಂದು ಮಷೀನಿಗೆ ಬಂದು ಸೇರ್ತದ. ಅದಕ್ಕ ವರ್ಷ ಪೂರ್ತಿ ಬಿಡುವಿಲ್ಲ, ಎಳ್ಳಾಮಾಸಿ ಮುಂಜಾನಿ ಒಂದು ಬಿಟ್ಟು. ಅವತ್ತು ಖೀರಿಗೆ ಹಾಲು ಬೇಕು, ಹೊಲಕ್ಕ ಬಂದ ಮಂದಿಗೆ ಬೇಕು, ಬರದೇ ಇದ್ದವರ ಮನಿಗೆ ಕಳಸಲಾಕ ಬೇಕು. ಡೇರಿ ಕಡೆ ಯಾರೂ ಹಾಯಂಗಿಲ್ಲ. ಹಾಲು ಮತ್ತ ಬರೋದು ಸಂಜಿಗೆ, ಮಂದಿ ಹೊಲದಿಂದ ಹೊಳ್ಳಿ ಬಂದ ಮ್ಯಾಲ.

ಆ ಮಷೀನು ನಿಲ್ಲಿಸಲಾಕ ತ್ರಿವೇಣಿಗೆ ಬೇಕಾಗಿದ್ದು ಅಷ್ಟೇ ಹೊತ್ತು.

ಯಾಕ ನಿಲ್ಲಿಸಬೇಕಿತ್ತು ಅನ್ನೋದು ಹೇಳ್ತೀನಿ, ಸಮಾಧಾನದಿಂದ ಕೇಳ್ರಿ. ಡೇರಿ ಬೆಳಿತಿದ್ದಂಗ ಖೋಲ್ಯಾಗ ಸರ್ವರ್ ಮಷೀನು ಬೆಳೆದುವು. ನಿಲಂಗಾದಾಗ ಹಾಲು ತಂಪು ಮಾಡೋ ಕೇಂದ್ರ ಆತು, ಒಂದು ಮಷೀನು ಬಂತು. ಉದಗೀರದಾಗ ಆತು, ಇನ್ನೊಂದು ಬಂತು. ಪಗಾರಕ್ಕ ಒಂದು, ದನದ ಔಷಧಕ್ಕ ಒಂದು, ಟ್ಯಾಂಕರ್ ಗಾಡಿಗೋಳಿಗೆ ಒಂದು. ಹಿಂಗ ಹನ್ನೊಂದಾದುವು. ಹಗಲೂರಾತ್ರಿ ಕರೆಂಟ್ ಕುಡಿತಾವ, ಬಿಸಿ ಉಗುಳ್ತಾವ, ಆ ಬಿಸಿ ಆರಿಸ್ಲಾಕ ಎರಡು ಎಸಿ. ತ್ರಿವೇಣಿ ಒಂದು ತಿಂಗಳು ಒಂದೊಂದರ ಮ್ಯಾಲೂ ಕಣ್ಣಿಟ್ಟಳು. ಹನ್ನೊಂದರಾಗ ಖರೆ ದುಡಿಯೋವು ಒಂದೋ ಎರಡೋ. ಉಳಿದವು ನೆರಳಾಗ ಮಲಗಿದ ಎತ್ತಿನಂಗ ಮೆಲಕು ಹಾಕ್ಕೋತ ಇರ್ತಿದ್ದವು, ಮೇವು ಮಾತ್ರ ಪೂರಾ ತಿಂತಿದ್ದವು.

ಅದೇ ಹೊತ್ತಿಗೆ ಮನ್ಮಥಪ್ಪನವರ ತಮ್ಮನ ಮಗ ಅಮರನಾಥ ಪುಣೆದಿಂದ ಬಂದು ಡೇರಿ ಕಾರಭಾರ ಕೈಗೆ ತಗೊಂಡ. ಹುಡುಗ ಕೆಟ್ಟಂವಲ್ಲ. ಕೆಲಸದಾಗ ಚುರುಕು, ಮಾತಿನಾಗ ಇನ್ನೂ ಚುರುಕು. ಖೋಲಿ ಒಳಗ ಬಂದ, ಬಿಸಿ ಗಾಳಿ ಮಾರಿಗೆ ಹೊಡಿಸ್ಕೊಂಡ, ಹೊರಗ ಹೋಗಿ ದೊಡ್ಡಪ್ಪನ ಮುಂದ ಹೇಳಿದ, “ಇದೆಲ್ಲಾ ಎತ್ತಿ ಪುಣೆಗೆ ಒಯ್ಯೋಣ. ಅಲ್ಲಿ ದೊಡ್ಡ ಡೇಟಾ ಸೆಂಟರ್ ಅದಾವ, ಬಾಡಿಗಿಗೆ ಜಾಗ ಕೊಡ್ತಾರ. ಇಲ್ಲಿ ಖೋಲಿ ಮುಚ್ಚೋಣ. ತ್ರಿವೇಣಿ ಬರೋದಾದ್ರ ಪುಣೆಗೇ ಬರಲಿ.”

ತ್ರಿವೇಣಿ ಬಾಗಲದಾಗ ನಿಂತು ಎಲ್ಲಾ ಕೇಳಿದಳು. ಆ ಖೋಲಿ ಆಕಿ ಕೈಯಾಗ ಬೆಳೆದದ್ದು. ಆಕಿ ಬೆಳೆದದ್ದು ಆ ಡೇರಿ ಅಂಗಳದಾಗ. ಉಮರ್ಗಾ ಬಿಟ್ಟು ಹೋಗು ಅಂದ್ರ, ಕೈ ಹಿಡಿದು ನಡಿಸಿದವರನ್ನ ರಸ್ತೆದಾಗ ಬಿಟ್ಟು ಮುಂದ ನಡಿ ಅಂದಂಗ ಆತು ಆಕಿಗೆ.

ಆಕಿ ಅವ್ವ ದ್ರೌಪದಿ, ಭಾಲ್ಕಿ ಕಡೆಯಾಕಿ. ಗಂಡನ ಕೂಡ ಪಾಲಿಗೆ ಹೊಲ ಮಾಡ್ಲಾಕ ಈ ಸೀಮಿಗೆ ಬಂದಿದ್ದಳು. ಗಣಪತಿ ನೀರಿಗೆ ಬಿಟ್ಟು ಬಂದ ಆ ರಾತ್ರಿ ನೆಲ ಅಳ್ಳಾಡಿತಲ್ಲ, ಅವತ್ತು ಅವರ ಕಲ್ಲು ಮಣ್ಣಿನ ಮನಿ ಗಂಡನ ಮ್ಯಾಲ ಬಿತ್ತು. ದ್ರೌಪದಿ ಆಗ ಕೂಸಿನ್ನ ಕರ್ಕೊಂಡು ಹೊರಗ ಹೋಗಿದ್ದಳು, ಅದಕ್ಕ ಇಬ್ಬರೂ ಉಳಿದರು. ಆಮ್ಯಾಲ ಮನಿ ಕಳಕೊಂಡವರಿಗೆ ಹಾಕಿದ ತಗಡಿನ ಪತ್ರಾ ಶೆಡ್ಡು. ಆ ಶೆಡ್ಡಿನ ಸಾಲಿಗೆ ದಿನಾ ಮುಂಜಾನಿ ಒಂದು ಹಳೇ ಜೀಪಿನಾಗ ಹಾಲಿನ ಕ್ಯಾನ್ ಹಾಕ್ಕೊಂಡು ಒಬ್ಬಾತ ಬರ್ತಿದ್ದ. ಹೆಸರು ಮನ್ಮಥಪ್ಪ. ಲೋಟ ಇಲ್ಲದ ಹುಡುಗರಿಗೆ ಕ್ಯಾನಿನ ಮುಚ್ಚಳದಾಗ ಹಾಲು ಹಾಕಿ ಕೊಡ್ತಿದ್ದ. ತ್ರಿವೇಣಿ ಆ ಮುಚ್ಚಳದಾಗ ಕುಡಿದಾಕಿ. ಮುಂದ ಅವ್ವಗ ಡೇರಿದಾಗ ಕ್ಯಾನ್ ತೊಳಿಯೋ ಕೆಲಸ ಸಿಕ್ಕಿತು, ಮಗಳಿಗೆ ಸಾಲಿ ಸಿಕ್ಕಿತು.

ದ್ರೌಪದಿಗೆ ಒಂದು ಮಾತು ಬಾಯಾಗೇ ಇರ್ತಿತ್ತು. ಯಾರು ಏನ್ ಕೊಟ್ಟರೂ, “ನಿನ್ನ ಹೊಟ್ಟಿ ತಣ್ಣಗಿರಲಿ” ಅಂತಿದ್ದಳು. ಹಾಲು ಕೊಟ್ಟ ಮನ್ಮಥಪ್ಪಗ ಅಂದಳು, ಪುಸ್ತಕ ಕೊಟ್ಟ ಮಾಸ್ತರಿಗೆ ಅಂದಳು, ಬಿಸಲಾಗ ಕೊಡ ಎತ್ತಿ ತಲಿ ಮ್ಯಾಲ ಇಟ್ಟ ದಾರಿಹೋಕನಿಗೂ ಅಂದಳು. ನೆಲಕ್ಕ ಮಾತ್ರ ಅನ್ನಲಿಲ್ಲ. ಎಳ್ಳಾಮಾಸಿ ದಿನ ಎಲ್ಲರೂ ಭೂಮಿತಾಯಿಗೆ ಚರಗ ಚೆಲ್ತಾರ, ಉಣ್ಣೋ ಮದಲ ಎಲ್ಲಾ ಅಡಗಿಯೊಳಗಿಂದು ಒಂದೊಂದು ತುತ್ತು ಹೊಲಕ್ಕ ಹಾಕ್ತಾರ. ದ್ರೌಪದಿ ಭೂಕಂಪದ ವರ್ಷದಿಂದ ಹೊಲಕ್ಕ ಹೆಜ್ಜಿ ಇಡಲಿಲ್ಲ. “ನನ್ನ ಗಂಡನ್ನ ತಿಂದಾಳಲ್ಲ, ಆಕಿಗೆ ಇನ್ನ ಏನ್ ಉಣಸ್ಲಿ?” ಅಂತಿದ್ದಳು.

ಇರಲಿ, ಮಾತು ಎಲ್ಲಿಗೋ ಹೋತು. ತ್ರಿವೇಣಿ ಮರುದಿನ ಮುಂಜಾನಿ ಮನ್ಮಥಪ್ಪನವರ ಮುಂದ ನಿಂತಳು. ಅವರು ಅಂಗಳದಾಗ ಕುರ್ಚಿ ಹಾಕ್ಕೊಂಡು ಬಿಸಲು ಕಾಯಿಸ್ಕೋತ ಕುಂತಿದ್ದರು. ಅಮರನಾಥ ಪಕ್ಕದಾಗ ನಿಂತಿದ್ದ.

“ಕಾಕಾರ, ಪುಣೆಗೆ ಒಯ್ಯೋದು ಬ್ಯಾಡ್ರಿ. ವರ್ಚುವಲೈಜೇಶನ್ ಮಾಡೋಣ.”

“ಏನದು? ನನ್ನ ನಾಲಿಗಿ ಹೊಳ್ಳಂಗಿಲ್ಲವ್ವಾ. ತಿಳಿಯಂಗ ಹೇಳು.”

“ನಾವು ಪತ್ರಾ ಶೆಡ್ಡಿನಾಗ ಇದ್ದಿವಲ್ರಿ. ಒಂದೇ ಶೆಡ್ಡು, ಏಳು ಮನಿತನ. ನಡುವ ಸೀರಿ ಕಟ್ಟಿದ್ರು. ಪ್ರತಿ ಮನಿಗೂ ತನ್ನ ಒಲಿ, ತನ್ನ ಕೊಡ, ತನ್ನ ಜಗಳ. ಆ ಕಡೆಯ ವಗ್ಗರಣಿ ವಾಸನಿ ಈ ಕಡಿಗೆ ಬರ್ತಿತ್ತು ಖರೆ, ಆದ್ರ ಯಾರೂ ಯಾರ ಗಡಿಗ್ಯಾಗ ಕೈ ಹಾಕ್ತಿದ್ದಿಲ್ಲ. ಹೌದಿಲ್ಲೋ?”

“ಹೌದು.”

“ಈ ಹನ್ನೊಂದು ಮಷೀನಿಗೂ ಹಂಗ ಒಂದು ಶೆಡ್ ಹಾಕೋಣ್ರಿ. ಒಂದೇ ಗಟ್ಟಿ ಹೊಸಾ ಮಷೀನು ತರೋಣ. ಹನ್ನೊಂದರೊಳಗಿಂದು ಎಲ್ಲಾ ಇದ್ದದ್ದು ಇದ್ದಂಗ ಅದರೊಳಗ ಇಳಸೋಣ. ನಡುವ ಸೀರಿ ಕಟ್ಟೋ ಕೆಲಸ ಒಂದು ಪ್ರೋಗ್ರಾಂ ಮಾಡ್ತದ. ಪಗಾರದ್ದು ತನ್ನ ಮನ್ಯಾಗ, ಔಷಧದ್ದು ತನ್ನ ಮನ್ಯಾಗ. ಪ್ರತಿ ಒಂದೂ ನಾ ಬ್ಯಾರೇ ಮಷೀನೇ ಅದೀನಿ ಅಂತ ತಿಳಕೊಂಡು ನಡೀತದ. ಹಳೇ ಪೆಟ್ಟಿಗಿಗೋಳು ಬ್ಯಾಡ, ಎರಡು ಎಸಿ ಬ್ಯಾಡ.”

ಮನ್ಮಥಪ್ಪನವರು ಗಡ್ಡ ಕೆರಕೊಂಡರು. ಭೂಕಂಪ ಕಂಡ ಈ ಸೀಮಿಯ ಮನಿಷಾ ಮದಲ ಏನ್ ಕೇಳ್ತಾನೋ ಅದನ್ನೇ ಕೇಳಿದರು. “ಶೆಡ್ ಬಿದ್ರ?”

“ಎರಡನೇದು ಒಂದು ಇರ್ತದ್ರಿ. ದಿನಾ ಇಲ್ಲಿಂದು ಅಲ್ಲಿ ನಕಲು ಆಗ್ತದ. ಇದು ಬಿದ್ರ ಮನಿತನಗೋಳು ಅದರಾಗ ಎದ್ದು ಕುಂಡ್ರತಾವ. ಮಷೀನು ಮಾರೋ ಕಂಪನಿಯವರು ಎರಡೂ ಮಗ್ಗಲಾ ಮಗ್ಗಲ ಇಡ್ರಿ ಅಂದಾರ.”

“ಮಗ್ಗಲಾ ಮಗ್ಗಲ? ಹುಚ್ಚು ಹಿಡಿದದೇನು ಅವರಿಗೆ! ನೆಲ ಅಳ್ಳಾಡಿದ್ರ ಮಗ್ಗಲದ ಮನಿ ಉಳಿತದೇನು? ಎರಡನೇದು ನಿಲಂಗಾದ ಕೇಂದ್ರದಾಗ ಇಡು.”

ಅಮರನಾಥ ನಕ್ಕ, ಆದ್ರ ಗೋಣು ಹಾಕಿದ. ಆಮ್ಯಾಲ ತನ್ನ ಮಾತು ಹೇಳಿದ. “ಆಯ್ತು ತ್ರಿವೇಣಿ. ಮಾಡು. ಆದ್ರ ಒಂದು ಹೊತ್ತಿನ ಹಾಲಿನ ಲೆಕ್ಕಾನೂ ತಪ್ಪಬಾರ್ದು. ತಪ್ಪಿದ್ರ ಮರುದಿನಾನೇ ಎಲ್ಲಾ ಪುಣೆಗೆ. ಒಪ್ಪಿಗಿ?”

“ಒಪ್ಪಿಗಿ. ಹಾಲಿನ ಮಷೀನು ನಾ ಎಳ್ಳಾಮಾಸಿ ದಿನ ಇಳಸ್ತೀನಿ.”

“ಅಮಾಸಿ ದಿನ ಹೊಸಾ ಕೆಲಸ?”

“ಏ, ಪುಣೆದಾಗ ಬೆಳದಿ, ನಿನಗೇನ್ ಗೊತ್ತು,” ಅಂದರು ಮನ್ಮಥಪ್ಪನವರು. “ಪೈರು ಹೊತ್ತು ನಿಂತ ಭೂಮಿತಾಯಿಗೆ ಬಯಕಿ ಊಟ ಮಾಡಸೋ ದಿನ ಅದು. ಅದಕ್ಕಿಂತ ಛಲೋ ದಿನ ಇಲ್ಲ. ನೀನೂ ಈ ಸಲ ಹೊಲಕ್ಕ ಬಾ.”

ಹೊಸಾ ಮಷೀನುಗೋಳು ಬಂದುವು. ತ್ರಿವೇಣಿ ಅವಸರ ಮಾಡಲಿಲ್ಲ. ವಾರಕ್ಕ ಒಂದೋ ಎರಡೋ ಅಂತ ಹತ್ತು ಮಷೀನು ಹೊಸಾ ಶೆಡ್ಡಿಗೆ ಇಳಿಸಿದಳು. ಒಂದು ಇಳಿಸಿ, ನಾಕು ದಿನ ನೋಡಿ, ಮತ್ತೊಂದು. ಪಗಾರ ಬಂತು, ಔಷಧ ಬಂತು, ಉದಗೀರದ ಟ್ಯಾಂಕರ್ ಬಂತು, ಯಾರಿಗೂ ಏನೂ ಬದಲಾದದ್ದು ತಿಳೀಲಿಲ್ಲ. ಆದ್ರ ಹಳೇ ಹತ್ತು ಪೆಟ್ಟಿಗಿ ಮಾತ್ರ ಆಕಿ ಬಂದ್ ಮಾಡಿದ್ದಿಲ್ಲ. ಕೆಲಸ ಇಲ್ಲದಿದ್ರೂ ಅವು ಗುರ್ ಅನ್ಕೋತ ನಿಂತಿದ್ದವು. ಏನರ ತಪ್ಪಿದ್ರ ಇರಲಿ ಅಂತ. ಕಂಪನಿ ಹುಡುಗ ಫೋನಿನಾಗ ಬೈದ, “ಬಂದ್ ಮಾಡ್ರಿ ಮೇಡಂ, ಯಾಕ ಸಾಕ್ತೀರಿ?” ಆಕಿಗೆ ಕೈ ಬರಲಿಲ್ಲ.

ಎಳ್ಳಾಮಾಸಿ ಬಂತು. ತ್ರಿವೇಣಿಗೆ ಮುಂಜಾನಿನೇ ಹಬ್ಬದ ಹುರುಪು. ಡೇರಿಯ ಎಲ್ಲರನ್ನೂ ತಾನೇ ಹೊಲಕ್ಕ ಅಟ್ಟಿದಳು. “ಹೋಗ್ರಿ, ಹೋಗ್ರಿ, ಇವತ್ತ ಇಲ್ಲಿ ಏನ್ ಕೆಲಸ ಅದ? ಹೊಟ್ಟಿ ತುಂಬ ಉಂಡು ಬರ್ರಿ.” ಜನರೇಟರ್ ನೋಡ್ಕೊಳ್ಳೋ ದಿಗಂಬರಣ್ಣ ಹೋಗಲೋ ಬ್ಯಾಡೋ ಅಂತ ತಲಿ ಕೆರಕೋತ ನಿಂತಿದ್ದ. ಅವನ ಬೆನ್ನಿಗೆ ಕೈ ಹಚ್ಚಿ ದಬ್ಬಿದಾಕಿ ಇಕಿನೇ. ಅಂವಾ ಹೋದ, ಗುಂಜೋಟಿ ಶಿವಾರದ ತನ್ನ ಹೊಲಕ್ಕ, ಹೊಸಾ ಟೊಪಗಿ ಹಾಕ್ಕೊಂಡು.

ಖೋಲ್ಯಾಗ ಉಳಿದವರು ತಾಯಿ ಮಗಳು ಇಬ್ಬರೇ. ದ್ರೌಪದಿ ಹೊಲಕ್ಕಂತೂ ಹೋಗಾಕಿ ಅಲ್ಲ, ಮಗಳ ಜತಿ ಕುಂತಳು. ಭಜ್ಜಿ, ಅಂಬಲಿ, ಸಜ್ಜಿ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ತ್ರಿವೇಣಿ ಇನ್ನೂ ಇಳಸಲಾರದೇ ಉಳಿದಿದ್ದ ಹನ್ನೊಂದನೇ ಮಷೀನಿಗೆ ಹಾಲಿನ ಲೆಕ್ಕ ಬರೋ ದಾರಿ ನಿಲ್ಲಿಸಿದಳು, ನಕಲು ಶುರು ಮಾಡಿದಳು. ಪರದೆ ಮ್ಯಾಲ ಒಂದು ಹಸರ ಪಟ್ಟಿ ಎಡದಿಂದ ಬಲಕ್ಕ ಸರೀಲಾಕತ್ತು, ಬಸರಿ ಹೆಂಗಸು ನಡದಂಗ, ನಿಧಾನಕ್ಕ.

ಪಟ್ಟಿ ಅರ್ಧಾ ದಾಟಿರಲಿಲ್ಲ, ಕರೆಂಟ್ ಹೋತು.

ಯುಪಿಎಸ್ ಕೀಂ ಅಂತ ಕೂಗಿತು. ಬ್ಯಾಟರಿ ಮ್ಯಾಲ ಎಲ್ಲಾ ನಡೀಲಾಕತ್ತು. ತ್ರಿವೇಣಿ ಗಾಬರಿ ಆಗಲಿಲ್ಲ, ಜನರೇಟರ್ ಅದಲ್ಲ. ಹಿಂದಿನ ಬಾಗಲದಿಂದ ಜನರೇಟರ್ ಕೋಣಿಗೆ ಹೋದಳು. ದೊಡ್ಡ ಕೀಲಿ ಜೋತು ಬಿದ್ದಿತ್ತು. ದಿಗಂಬರಗ ಫೋನ್ ಹಚ್ಚಿದಳು. ಆ ಕೋಣಿ ಒಳಗಿಂದಾನೇ ಫೋನ್ ಬಡ್ಕೋಲಾಕತ್ತು. ಚಾರ್ಜಿಗೆ ಹಾಕಿ ಹೋಗ್ಯಾನ ಪುಣ್ಯಾತ್ಮ!

ಆಗ ನೆನಪಾತು ನೋಡ್ರಿ. ಎಳ್ಳಾಮಾಸಿ ದಿನ ಊರು ಬಿಕೋ ಅಂತಿರ್ತದಂತ, ಈ ಸೀಮ್ಯಾಗ ಎಲ್ಲರೂ ಮನಿ ಕೀಲಿ, ತಿಜೋರಿ ಕೀಲಿ, ಇದ್ದಬದ್ದ ಕೀಲಿ ಎಲ್ಲಾ ಉಡದಾರಕ್ಕ ಕಟ್ಟಿಕೊಂಡು ಹೊಲಕ್ಕ ಹೋಗ್ತಾರ. ದಿಗಂಬರ ಜನರೇಟರ್ ಕೀಲಿನೂ ಉಡದಾರಕ್ಕ ಕಟ್ಟಿಕೊಂಡು ಹೋಗ್ಯಾನ. ಜ್ವಾಕಿ ಮನಿಷಾ, ತಪ್ಪೇನದ ಅವನದು? ಲೈನ್‌ಮನ್ ಹೊಲದಾಗ. ಎಲೆಕ್ಟ್ರಿಶಿಯನ್ ಹೊಲದಾಗ. ಕೀಲಿ ಒಡಿಯೋ ಲುಹಾರ ಸೈತ ಹೊಲದಾಗ. ಊರು ಖಾಲಿ ಇರ್ತದಂತ ದಿನ ಆರಿಸಿದಾಕಿ, ಖಾಲಿ ಊರಾಗ ತನಗ ಬೇಕಾದವರೂ ಇರಂಗಿಲ್ಲ ಅನ್ನೋದು ಮಾತ್ರ ಮರತಿದ್ದಳು. ಹನ್ನೊಂದು ಮಷೀನಿನ ಲೆಕ್ಕ ಹಾಕೋ ಬುದ್ಧಿ ಇಷ್ಟು ಸಣ್ಣ ಮಾತಿಗೆ ಎಡವ್ತದ!

ಹೊಳ್ಳಿ ಬಂದು ಯುಪಿಎಸ್ ನೋಡಿದಳು. ಬ್ಯಾಟರಿ ಅರ್ಧಾ ತಾಸೂ ಬಾಳಂಗಿಲ್ಲ ಅಂತ ತೋರಸ್ತಿತ್ತು. ನಕಲು ಮುಗೀಲಾಕ ಇನ್ನೂ ತಾಸುಗಟ್ಟಲೆ ಬೇಕು. ನಡುವ ಕರೆಂಟ್ ಕಡಿದ್ರ ಮಾಡಿದ್ದೆಲ್ಲಾ ನೀರಾಗ ಹೋಮ. ಅದಕ್ಕಿಂತ ದೊಡ್ಡ ಭಯ ಬ್ಯಾರೇ ಇತ್ತು. ಆ ಹನ್ನೊಂದನೇ ಹಳೇ ಮಷೀನು ಎಷ್ಟೋ ವರ್ಷದಿಂದ ಒಂದು ಸಲಾನೂ ಆರಿದ್ದಿಲ್ಲ. ಹಿಂಗ ಧಡಕ್ ಅಂತ ಆರಿದ್ರ ಮತ್ತ ಏಳ್ತದಂತ ಯಾರಿಗೆ ಭರವಸಿ? ಸಂಜಿಗೆ ಹಾಲು ಬರ್ತದ. ಹಾಲಿನ ಲೆಕ್ಕ ಇಡೋ ಮಷೀನು ಸತ್ತಿರ್ತದ. ನಾಳೆ ಪುಣೆದ ಗಾಡಿ ಬಂದು ಬಾಗಲ ಮುಂದ ನಿಂದ್ರತದ.

“ಅವ್ವಾ, ಮುಗೀತು,” ಅಂತ ನೆಲದ ಮ್ಯಾಲ ಕುಂತು ಬಿಟ್ಟಳು.

“ಏನ್ ಮುಗೀತು? ಎದ್ದೇಳು,” ಅಂದಳು ದ್ರೌಪದಿ. “ಈ ಬ್ಯಾಟರಿ ಮ್ಯಾಲ ಎಷ್ಟು ಮಂದಿ ಕುಂತಾರ?”

“ಹಳೇ ಹತ್ತು, ಹಾಲಿಂದು ಒಂದು, ಹೊಸಾದು ಒಂದು, ಎಸಿಗೋಳಂತೂ ಆರ್ಯಾವ…”

“ಹಳೇ ಹತ್ತರ ಮಂದಿ ಹೊಸಾ ಶೆಡ್ಡಿಗೆ ಹೋದ ಮ್ಯಾಲ, ಖಾಲಿ ಮನಿಗೆ ದೀಪ ಯಾಕ ಹಚ್ಚಿ ಕುಂತಿ?”

ತ್ರಿವೇಣಿ ಬಾಯಿ ತಕ್ಕೊಂಡು ಅವ್ವನ ಮಾರಿ ನೋಡಿದಳು. ತಾನೇ ಅಂಗಳದಾಗ ಕಥಿ ಮಾಡಿ ಹೇಳಿದ್ದು, ತಾನೇ ನಂಬಿದ್ದಿಲ್ಲ. ಎದ್ದಳು. ಮದಲನೇ ಪೆಟ್ಟಿಗಿಯ ಗುಂಡಿ ಮ್ಯಾಲ ಬೆರಳಿಟ್ಟಳು. ಪಗಾರದ ಮಷೀನು ಅದು, ಆಕಿ ಕೆಲಸಕ್ಕ ಸೇರಿದ ವರ್ಷ ಬಂದದ್ದು. ಒತ್ತಿದಳು. ಅದರ ಫ್ಯಾನು ಉಸರು ಬಿಟ್ಟಂಗ ಮಾಡಿ ನಿಂತಿತು. ದ್ರೌಪದಿ ಪೆಟ್ಟಿಗಿ ಮ್ಯಾಲ ಕೈ ಹಚ್ಚಿ, ಆ ಕೈ ಹಣಿಗೆ ಹಚ್ಚಿಕೊಂಡಳು. “ಭಾಳ ದುಡಿದಿ. ನಿನ್ನ ಹೊಟ್ಟಿ ತಣ್ಣಗಿರಲಿ.” ಔಷಧದ್ದು ಆರಿತು. ಟ್ಯಾಂಕರಿಂದು ಆರಿತು. ಪ್ರತಿ ಒಂದಕ್ಕೂ ಅದೇ ಮಾತು. ಹತ್ತೂ ಆರಿದ ಮ್ಯಾಲ ಖೋಲಿ ಎಷ್ಟು ಸುಮ್ಮನಾತಂದ್ರ ಹೊರಗಿನ ಗುಬ್ಬಿ ಸಪ್ಪಳ ಕೇಳ್ತಿತ್ತು. ತ್ರಿವೇಣಿ ಹೊಸಾ ಮಷೀನಿನ ಪರದೆ ನೋಡಿದಳು. ಹತ್ತೂ ಮನಿತನ ಅಲ್ಲೇ, ತಮ್ಮ ತಮ್ಮ ದೀಪ ಹಚ್ಚಿಕೊಂಡು ಕುಂತಿದ್ದವು. ಆಕಿ ಕಣ್ಣಾಗ ನೀರು ಬಂತು.

ಯುಪಿಎಸ್ ಈಗ ಎರಡು ಮೂರು ಪಟ್ಟು ಹೊತ್ತು ತೋರಿಸ್ತು. ಆದ್ರೂ ನಕಲು ಮುಗಿಯೋಷ್ಟಿಲ್ಲ.

“ಅವ್ವಾ, ಕಿಟಕಿ ಎಲ್ಲಾ ತೆಗಿ. ಈ ಹಸರ ಪಟ್ಟಿ ನೋಡ್ಕೋತ ಕುಂಡ್ರು. ನಾ ದಿಗಂಬರಣ್ಣನ್ನ ಹುಡಕ್ಕೊಂಡು ಬರ್ತೀನಿ.”

ಸ್ಕೂಟಿ ಹಾರಸ್ಕೊಂಡು ಗುಂಜೋಟಿ ರಸ್ತೆ ಹಿಡಿದಳು. ಎರಡೂ ಕಡೆ ಹಸರ ಜ್ವಾಳ, ಕಡ್ಲಿ, ಕುಸುಬಿ. ಹೊಲಕ್ಕೊಂದು ಜ್ವಾಳದ ಕಣಕಿಲೆ ಕಟ್ಟಿದ ಗುಡಿಸಲದಂಥ ಕೊಂಪಿ, ಅದರೊಳಗ ಪೂಜಿಗೆ ಸುಣ್ಣ ಬಳಿದ ಐದು ಕಲ್ಲು, ಸುತ್ತ ಮಂದಿ. ಎಲ್ಲಾ ಕಡಿಂದ “ಓಲಗ್ಯಾ, ಓಲಗ್ಯಾ” ಅಂತ ಚರಗ ಚೆಲ್ಲೋರ ಕೂಗು. ದಿಗಂಬರನ ಹೊಲ ಯಾವ ದಿಕ್ಕಿನಾಗದ ಅಂತ ಸೈತ ಆಕಿಗೆ ಗೊತ್ತಿದ್ದಿಲ್ಲ. ಮತ್ತ ಮದಲನೇ ತಿರುವಿನಾಗೇ ಒಬ್ಬ ಮುದುಕಿ ನಡುರಸ್ತೆದಾಗ ಎರಡೂ ಕೈ ಚಾಚಿ ನಿಂತುಬಿಟ್ಟಳು. ಸ್ಕೂಟಿ ಆಕಿ ಕಾಲ ಹತ್ರ ಕರ್ ಅಂತ ನಿಂತಿತು.

“ಏ ಪೋರಿ! ಎಳ್ಳಾಮಾಸಿ ದಿನ ಹಸದ ಹೊಟ್ಟಿಲೆ ಈ ಸರುಬಾಯಿ ಹೊಲ ದಾಟಿ ಹೋಗ್ತಿಯೇನು? ಇಳಿ ಕೆಳಗ!”

“ಆಯೀ, ಕೈ ಮುಗಿತೀನ್ರಿ, ಬಿಡ್ರಿ ನನ್ನ…” ಅಷ್ಟೇ ಅಂದಳು, ಅಳು ಒತ್ತರಿಸಿ ಬಂತು. ಕರೆಂಟು, ಕೀಲಿ, ದಿಗಂಬರ, ಪುಣೆ, ಎಲ್ಲಾ ಒಂದರ ಮ್ಯಾಲ ಒಂದು ಬಾಯಿಂದ ಬಿದ್ದುವು. ಸರುಬಾಯಿಗೆ ಅರ್ಧಾ ತಿಳಿತೋ ಇಲ್ಲೋ.

“ಅಗಬಾಯಿ, ಇಷ್ಟಕ್ಕ ಅಳ್ತಿಯೇನು? ಡೇರಿ ದಿಗಂಬರ ಬೇಕು, ಹೌದಿಲ್ಲೋ?”

“ಹೌದ್ರಿ. ಎಲ್ಲಿ ಹುಡಕಲಿ ಅವನ್ನ?”

“ನೀ ಯಾಕ ಹುಡಕ್ತಿ?”

ಮುದುಕಿ ಬದುವಿನ ಮ್ಯಾಲ ಹತ್ತಿ ನಿಂತಳು. ಎರಡೂ ಕೈ ಬಾಯಿಗೆ ಅಡ್ಡ ಹಿಡಿದಳು. ಆ ಒಣಗಿದ ಎದಿ ಒಳಗ ಅಷ್ಟು ದನಿ ಎಲ್ಲಿತ್ತೋ! “ಓ ರಂಭಾಬಾಯೀ! ಗುಂಜೋಟಿ ದಿಗಂಬರಗ ಹೇಳ್ರ್ಯೋ! ಕೀಲಿ ತಗೊಂಡು ಡೇರಿಗೆ ಓಡು ಅನ್ರ್ಯೋ!”

ಆಚಿ ಹೊಲದಾಗ ರಂಭಾಬಾಯಿ ಎದ್ದು ನಿಂತಳು. ಕೈಯಾಗಿನ ಅಂಬಲಿ ಗಡಿಗಿ ಕೆಳಗಿಟ್ಟು, ಅದೇ ಮಾತು ಮುಂದಿನ ಹೊಲಕ್ಕ ಕೂಗಿದಳು. ಅಲ್ಲಿಂದ ಒಬ್ಬ ಗಂಡಸು ಕೂಗಿದ. ಅವನಾಚಿ ಯಾರೋ ಹುಡುಗ್ಯಾರು ಕೂಡಿ ಕೂಗಿದರು. ಜ್ವಾಳದ ಮ್ಯಾಲ ಕೂಗು ಹೊಲದಿಂದ ಹೊಲಕ್ಕ ಹಾರ್ಕೋತ ಹೋತು, ಸಣ್ಣ ಸಣ್ಣದಾಗ್ತ ಗುಂಜೋಟಿ ಕಡೆ ಇಳೀತು. ವರ್ಷದ ಬ್ಯಾರೇ ದಿನ ಆಗಿದ್ರ ಆ ಹೊಲದಾಗ ಕಾಗಿ ಗುಬ್ಬಿ ಬಿಟ್ಟು ಯಾರು ಇರ್ತಿದ್ದರು? ಊರು ಖಾಲಿ ಆದದ್ದು ಯಾಕಂತ ತ್ರಿವೇಣಿಗೆ ಅವಾಗ ತಿಳೀತು. ಎಲ್ಲರೂ ಇಲ್ಲೇ ಇದ್ದರು, ಒಬ್ಬರ ದನಿ ಒಬ್ಬರಿಗೆ ಮುಟ್ಟೋಷ್ಟು ಹತ್ರ.

“ಈಗ ಉಣ್ಣು,” ಅಂದಳು ಸರುಬಾಯಿ. “ಕೂಗು ಹೊಳ್ಳಿ ಬರೋತನ ನಿನ್ನ ಬಿಡಂಗಿಲ್ಲ.”

ತ್ರಿವೇಣಿ ರೊಟ್ಟಿ ಮುರಿದು ಭಜ್ಜಿ ಹಚ್ಚಿ ಬಾಯಾಗಿಟ್ಟಳು. ಕಣ್ಣೀರಿನ ಉಪ್ಪು ಭಜ್ಜಿ ಹುಳಿ ಎಲ್ಲಾ ಕೂಡಿ ಗಂಟಲಕ್ಕ ಇಳೀತು. ಇನ್ನೂ ನಾಕು ತುತ್ತು ಆಗಿರಲಿಲ್ಲ, ದೂರದಿಂದ ಕೂಗು ಹೊಳ್ಳಿ ಬಂತು, ಬಾಯಿಂದ ಬಾಯಿಗೆ, ರಂಭಾಬಾಯಿ ಬಾಯಿಂದ ಇವರ ಕಿವಿಗೆ. “ಹೊಂಟಾನಂತ! ಗಾಡಿ ಮ್ಯಾಲ ಹೊಂಟಾನಂತ!”

ತ್ರಿವೇಣಿ ಮುದುಕಿಯ ಕಾಲಿಗೆ ಬಿದ್ದಳು. ಸರುಬಾಯಿ ಆಕಿನ್ನ ಎಬ್ಬಿಸಿ ಸೆರಗಿನಾಗ ಎರಡು ಸಜ್ಜಿ ಉಂಡಿ ಕಟ್ಟಿ, ಬೆನ್ನಿಗೆ ಒಂದು ಗುದ್ದು ಕೊಟ್ಟು ಕಳಿಸಿದಳು.

ಡೇರಿ ಮುಂದ ಬಂದು ನೋಡ್ತಾಳ, ಮೂರು ಮೋಟಾರ್ ಸೈಕಲ್ ನಿಂತಾವ. ದ್ರೌಪದಿ ಬಾಗಲದಾಗ ನಗ್ಲಾಕತ್ತಿದ್ದಳು. “ಬಂದಾರ ನೋಡು, ಮೂರು ಮಂದಿ ದಿಗಂಬರರು.” ಖರೇನೇ. ಗುಂಜೋಟಿ ಶಿವಾರದಾಗ ದಿಗಂಬರ ಅನ್ನೋರು ಮೂವರು ಇದ್ದರು. ಕೂಗು ಮುಟ್ಟಿದ ಕೂಡ್ಲೇ ಮೂವರೂ ಎದ್ದು ಬಂದಿದ್ದರು. ಒಬ್ಬ ಗೌಂಡಿ, ಒಬ್ಬ ಭಜನಿ ತಾಳದಂವ, ಇಬ್ಬರಿಗೂ ಡೇರಿಗೂ ಸಂಬಂಧಾನೇ ಇಲ್ಲ. “ಯಾರಿಗೋ ಅಡಚಣಿ ಆಗ್ಯದ ಅಂತ ಬಂದ್ವಿ ತಾಯೀ,” ಅಂದರು, ಬೆರಳಿಗೆ ಹತ್ತಿದ ಖೀರು ಇನ್ನೂ ಒಣಗಿದ್ದಿಲ್ಲ. ಮೂರನೇ ದಿಗಂಬರ ಆಗಲೇ ಉಡದಾರದ ಕೀಲಿ ಬಿಚ್ಚಿ ಹಿಂದ ಓಡಿದ್ದ. ಯುಪಿಎಸ್ ಕಟ್ಟಕಡಿ ಕೂಗು ಹಾಕ್ಲಾಕತ್ತಿತ್ತು, ಆಗ ಜನರೇಟರ್ ಧಡಧಡ ಅಂತು. ಕೂಗು ನಿಂತಿತು. ಹಸರ ಪಟ್ಟಿ ನಡೀತಾನೇ ಇತ್ತು.

ಹೊತ್ತು ಇಳಿಯೋ ಮುಂದ ಪಟ್ಟಿ ಬಲದ ಅಂಚಿಗೆ ಮುಟ್ಟಿತು. ತ್ರಿವೇಣಿ ಹನ್ನೊಂದನೇ ಹಳೇ ಮಷೀನು ಆರಿಸಿದಳು. ಅದರ ನಕಲು ಹೊಸಾ ಶೆಡ್ಡಿನಾಗ ಎಬ್ಬಿಸಿದಳು. ಪರದೆ ಕರ್ರಗಾತು, ಹಂಗೇ ಇತ್ತು. ದ್ರೌಪದಿ, ಮೂರು ಮಂದಿ ದಿಗಂಬರರು, ಎಲ್ಲರೂ ಪರದೆ ಮುಂದ ಬಗ್ಗಿ ನೋಡಿದರು. ಆಮ್ಯಾಲ ಡೇರಿಯ ಹೆಸರು ಮೂಡಿತು. ಹಾಲಿನ ಪಟ್ಟಿ ತೆರೀತು, ಖಾಲಿ, ಸಂಜಿ ಹಾಲು ಕಾಯ್ಕೋತ.

ಬಿಸಲು ಕೆಂಪಾದಾಗ ಮದಲನೇ ಸಾಲು ಮೂಡಿತು. ಗುಂಜೋಟಿ ರಸ್ತೆ ಕೇಂದ್ರ, ಎಮ್ಮಿ ಹಾಲು, ಹಾಕಿದವರು ಸರುಬಾಯಿ. ತ್ರಿವೇಣಿ ಅದನ್ನ ಜೋರಾಗಿ ಓದಿದಳು. ಎರಡನೇ ಸಲ ಓದಿ ಆ ಹೆಸರಿನ ಮ್ಯಾಲ ಬೆರಳಿಟ್ಟಳು.

ಅದೇ ಹೊತ್ತಿಗೆ ಮನ್ಮಥಪ್ಪನವರ ಕಾರು ಬಂತು. ಅಮರನಾಥ ಇಳಿದ, ಪ್ಯಾಂಟಿಗೆ ಹೊಲದ ಕರಿ ಮಣ್ಣು ಮೆತ್ತಿತ್ತು, ದನಿ ಕಟ್ಟಿತ್ತು. ಪರದೆ ಮುಂದ ನಿಂತು ದಾಳಿಂಬ, ಮುರುಮ, ನಿಲಂಗಾ, ಉದಗೀರ ಅಂತ ಏರೋ ಸಾಲು ಓದಿದ.

“ದನಿಗೆ ಏನಾತ್ರಿ?” ಅಂತ ಕೇಳಿದಳು ತ್ರಿವೇಣಿ.

“ಕೂಗಿದ್ನಲ್ಲ,” ಅಂದ. “ಮಧ್ಯಾಹ್ನ ಒಂದು ಕೂಗು ನಮ್ಮ ಹೊಲಕ್ಕ ಬಂತು. ಡೇರಿ, ಕೀಲಿ ಅಂತ ಕೇಳಿದ ಕೂಡ್ಲೇ ತಿಳೀತು, ನಿನ್ನ ಕೆಲಸ ಕೆಟ್ಟದ ಅಂತ. ನಾ ಸುಮ್ಮನಿದ್ದಿದ್ರ ಕೂಗು ನಮ್ಮ ಬದುವಿನಾಗೇ ಸಾಯ್ತಿತ್ತು, ಪುಣೆ ಗೆಲ್ತಿತ್ತು. ದೊಡ್ಡಪ್ಪ ನನ್ನ ಮಾರಿ ನೋಡಿದ್ರು. ಗಂಟಲ ಹರಿಯೋಹಂಗ ಕೂಗಿದೆ.” ತುಸು ನಕ್ಕ. “ಪುಣೆದಾಗ ಹಂಗ ಕೂಗಿದ್ರ ವಾಚ್‌ಮನ್ ಓಡಿ ಬರ್ತಿದ್ದ. ಮಷೀನು ಇಲ್ಲೇ ಇರಲಿ ತ್ರಿವೇಣಿ. ನೀನೂ ಇಲ್ಲೇ ಇರು.”

ತ್ರಿವೇಣಿ ಸೆರಗಿನಾಗಿನ ಸಜ್ಜಿ ಉಂಡಿ ತೆಗೆದು ಒಂದು ಅವನ ಕೈಯಾಗಿಟ್ಟಳು, ಒಂದು ಕಾಕಾರಿಗೆ ಕೊಟ್ಟಳು. ಮನ್ಮಥಪ್ಪನವರು ಆಕಿ ತಲಿ ಮ್ಯಾಲ ಕೈ ಇಟ್ಟರು. ಮುಚ್ಚಳದಾಗ ಹಾಲು ಕುಡಿದು ಮೀಸಿ ಬಿಳೇ ಮಾಡ್ಕೊಂಡಿದ್ದ ಕೂಸು ಅವರ ಕಣ್ಣ ಮುಂದ ಬಂತೋ ಏನೋ.

“ಅವ್ವ ಎಲ್ಲಿ?” ಅಂತ ತ್ರಿವೇಣಿ ಹೊಳ್ಳಿ ನೋಡಿದಳು.

ದ್ರೌಪದಿ ಅಂಗಳದಾಚಿ, ಡೇರಿ ಕಂಪೌಂಡಿನ ಹಿಂದಿನ ಕಡ್ಲಿ ಹೊಲದ ಅಂಚಿಗೆ ನಿಂತಿದ್ದಳು. ಮುಂಜಾನಿ ಕಟ್ಟಿಕೊಂಡು ಬಂದ ಬುತ್ತಿ ಕೈಯಾಗ ಬಿಚ್ಚಿತ್ತು, ಇನ್ನೂ ಯಾರೂ ಉಂಡಿದ್ದಿಲ್ಲ. ಭಜ್ಜಿಯೊಳಗಿಂದು ಒಂದು ತುತ್ತು ತಗೊಂಡಳು. ರೊಟ್ಟಿ ಮುರಿದು ಕೂಡಿಸಿದಳು. ತ್ರಿವೇಣಿ ಹತ್ರ ಹೋದಳು, ಮುಟ್ಟಲಿಲ್ಲ.

“ಅವರನ್ನ ತಗೊಂಡಿ,” ಅಂದಳು ದ್ರೌಪದಿ, ಮಗಳಿಗಲ್ಲ, ನೆಲಕ್ಕ. “ಅದು ಮರಿಯಂಗಿಲ್ಲ ನಾ. ಆದ್ರ ಇವತ್ತ ನಿನ್ನ ಮ್ಯಾಲ ನಿಂತೇ ಅಷ್ಟೂ ಮಂದಿ ನನ್ನ ಮಗಳ ಸಲುವಾಗಿ ಕೂಗ್ಯಾರ.”

ತುತ್ತು ಹೊಲಕ್ಕ ಹಾಕಿದಳು. ಬಗ್ಗಿ, ಅಂಗೈ ಮಣ್ಣಿಗೆ ಹಚ್ಚಿದಳು, ಜ್ವರ ಬಂದ ಕೂಸಿನ ಹೊಟ್ಟಿ ಮುಟ್ಟಿ ನೋಡಿದಂಗ.

“ಉಣ್ಣು. ನಿನ್ನ ಹೊಟ್ಟಿ ತಣ್ಣಗಿರಲಿ.”